ಕ್ಯಾಡ್ ಪರದೆಗೆ ಬಂದ ಕೈಗೆರೆ

ಗೆರೆ ಎಳೆಯುವ ಸಾಧನ ಮಿನಿ ಡ್ರಾಫ್ಟರ್ ಮೂಲೆ ಸೇರಿ ಮೌಸ್ ಬಂದಾಗ ಇಂಜಿನಿಯರಿಂಗ್ ಕಲಿಯುವ ಮಕ್ಕಳ ಕೈಯಿಂದ ಪೆನ್ಸಿಲ್ ಜಾರಿತು. ಎರಡು ಮೂರು ಸಾವಿರ ರೂಪಾಯಿಗೆ ಸಿಗುವ ಪೆನ್ ಟ್ಯಾಬ್ಲೆಟ್ ಅದನ್ನು ಮರಳಿ ಕೈಗಿಡಬಲ್ಲದು. ಅದರಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಮಾತ್ರ ತಿಳಿದಿರಬೇಕು.

ಈ ಮಾತನ್ನು ಒಂದು ಊರಿನಿಂದ ಶುರುಮಾಡೋಣ. ಮದ್ದೂರು ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮಂಡ್ಯ ಜಿಲ್ಲೆಯ ವಡೆ. ಚಾಮರಾಜನಗರ ಜಿಲ್ಲೆಯಲ್ಲೂ ಒಂದು ಮದ್ದೂರಿದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರ ಕಾಡಿನ ಅಂಚಿಗೆ. ಅರಿಸಿನ, ಚೆಂಡುಹೂ, ಸೂರ್ಯಕಾಂತಿ ಬೆಳೆಯುವ ಈ ಸೀಮೆಯ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ತಾಂತ್ರಿಕ ಕಲಿಕೆಗೆ ಹೊರಟರೆ ಮೊದಲು ಸಿಗುವುದು ಗುಂಡ್ಲುಪೇಟೆಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ. ಅಲ್ಲಿಂದ ಮುಂದೆ 2007ರಲ್ಲಿ ಶುರುವಾದ ಚಾಮರಾಜನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ಅದನ್ನೂ ದಾಟಿದರೆ ಮೈಸೂರು.

ಎಲ್ಲಿ ಸೇರಿದರೂ ಒಂದು ತರಗತಿ ತಪ್ಪುವುದಿಲ್ಲ: ಡ್ರಾಯಿಂಗ್.

ಈಗ ಐವತ್ತು ದಾಟಿದ ಇಂಜಿನಿಯರುಗಳನ್ನು ಕೇಳಿದರೆ ಆ ತರಗತಿಯ ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಹೆಗಲಿಗೆ ಶೀಟು ಸುತ್ತಿಟ್ಟ ಉದ್ದನೆಯ ಡಬ್ಬಿ, ಕಂಕುಳಲ್ಲಿ ಮಿನಿ ಡ್ರಾಫ್ಟರ್, ಚೀಲದಲ್ಲಿ ಕೆ.ಆರ್. ಗೋಪಾಲಕೃಷ್ಣ ಅವರ ಡ್ರಾಯಿಂಗ್ ಪುಸ್ತಕ. ಬಸ್ಸಿನಲ್ಲಿ ಡ್ರಾಫ್ಟರಿನ ತೋಳು ಯಾರಿಗೂ ತಗಲದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ಎಚ್ ಪೆನ್ಸಿಲಿನಲ್ಲಿ ತೆಳು ಗೆರೆ, ಎಚ್‌ಬಿಯಲ್ಲಿ ದಪ್ಪ ಗೆರೆ. ಅಳಿಸಿ ಅಳಿಸಿ ಹಾಳೆ ಸವೆದರೆ ಮತ್ತೆ ಮೊದಲಿನಿಂದ.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹುಟ್ಟಿತು. ಮುಂದೆ ರಾಜ್ಯದ ಇಂಜಿನಿಯರಿಂಗ್ ಮೊದಲ ವರ್ಷದ ಈ ವಿಷಯಕ್ಕೆ ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್ ಎಂಬ ಹೆಸರು ಬಂತು. ಸಾಲಿಡ್ ಎಡ್ಜ್‌ನಂಥ ತಂತ್ರಾಂಶ ಪ್ರಯೋಗಾಲಯಕ್ಕೆ ಕಾಲಿಟ್ಟಿತು. ಆದರೆ ಪಠ್ಯಕ್ರಮ ಮಾಡಿದವರು ಕೈಯನ್ನು ಪೂರ್ತಿ ಬಿಡಲಿಲ್ಲ. ಲೆಕ್ಕವನ್ನು ಮೊದಲು ಸ್ಕೆಚ್ ಪುಸ್ತಕದಲ್ಲೋ ಗ್ರಾಫ್ ಹಾಳೆಯಲ್ಲೋ ಕೈಯಾರೆ ಬಿಡಿಸಬೇಕು. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ರಚಿಸಿ ಪ್ರಿಂಟ್ ತೆಗೆಯಬೇಕು. ಎರಡಕ್ಕೂ ಅಂಕವಿದೆ.

ಇದು ಬಹಳ ವಿವೇಕದ ಏರ್ಪಾಡು. ಕೈಗೆ ಒಂದು ಬಗೆಯ ಬುದ್ಧಿ ಇದೆ, ಯಂತ್ರಕ್ಕೆ ಇನ್ನೊಂದು ಬಗೆಯದು ಎಂದು ಒಪ್ಪಿಕೊಂಡ ಏರ್ಪಾಡು. ಕೊರತೆ ಇರುವುದು ಒಂದೇ ಕಡೆ. ಗ್ರಾಫ್ ಹಾಳೆ ಮೇಜಿನ ಮೇಲೆ ಉಳಿಯುತ್ತದೆ, ಮಾದರಿ ಪರದೆಯ ಮೇಲೆ ಬೆಳೆಯುತ್ತದೆ, ನಡುವೆ ದಾರಿಯಿಲ್ಲ. ವಿದ್ಯಾರ್ಥಿ ಕೈಯಲ್ಲಿ ಬಿಡಿಸಿದ್ದನ್ನು ಮರೆತು ಮೌಸ್ ಹಿಡಿದು ಹೊಸದಾಗಿ ಶುರುಮಾಡುತ್ತಾನೆ. ಪೆನ್ ಟ್ಯಾಬ್ಲೆಟ್ ಬೇಕಾಗಿರುವುದು ಆ ದಾರಿಗಾಗಿ.

ಪೆನ್ನೇ ಮೊದಲು ಬಂದದ್ದು

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದೆಂದರೆ ಮೌಸ್ ಎಂದುಕೊಂಡವರೇ ಹೆಚ್ಚು. ಚರಿತ್ರೆ ಹೇಳುವುದು ಬೇರೆ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ಯುವಕ ಪಿಎಚ್.ಡಿ.ಗಾಗಿ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶ ಮಾಡಿದ. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಕಂಪ್ಯೂಟರಿನ ಪರದೆಗೆ ಬೆಳಕಿನ ಪೆನ್ನು ತಾಗಿಸಿ ಆತ ಗೆರೆ ಎಳೆಯುತ್ತಿದ್ದ. ಗೆರೆ ಸೊಟ್ಟಗಿದ್ದರೂ ಚಿಂತೆಯಿರಲಿಲ್ಲ. ಈ ಎರಡು ಗೆರೆ ಸಮಾನಾಂತರ, ಈ ಎರಡು ಒಂದೇ ಉದ್ದ ಎಂದು ಗುಂಡಿ ಒತ್ತಿ ಹೇಳಿದರೆ ಕಂಪ್ಯೂಟರ್ ತಾನೇ ಅವನ್ನು ಸರಿಪಡಿಸಿ ನಿಲ್ಲಿಸುತ್ತಿತ್ತು. ಇವತ್ತಿನ ಕ್ಯಾಡ್, ಅಂದರೆ ಕಂಪ್ಯೂಟರ್ ನೆರವಿನ ವಿನ್ಯಾಸದ, ತಂತ್ರಾಂಶಗಳೆಲ್ಲ ಆ ಒಂದು ಕೆಲಸದ ಸಂತಾನ. ಹುಟ್ಟಿದ್ದು ಪೆನ್ನಿನಿಂದ.

ಮರುವರ್ಷ, 1964ರಲ್ಲಿ, ರ್‍ಯಾಂಡ್ ಸಂಸ್ಥೆಯ ಟ್ಯಾಬ್ಲೆಟ್ ಬಂತು. ಹತ್ತು ಇಂಚು ಉದ್ದ, ಹತ್ತು ಇಂಚು ಅಗಲದ ಹಲಗೆ. ಇಂಚಿಗೆ ನೂರು ಗೆರೆ, ಒಟ್ಟು ಹತ್ತು ಲಕ್ಷ ಬಿಂದುಗಳನ್ನು ಅದು ಗುರುತಿಸುತ್ತಿತ್ತು. ಬೆಲೆ ಆ ಕಾಲದ 18,000 ಡಾಲರ್. ಡಗ್ಲಸ್ ಎಂಗಲ್‌ಬಾರ್ಟ್ ತಂಡ ಮೌಸನ್ನು ಜನರ ಮುಂದೆ ತೋರಿಸಿದ್ದು ಅದಾದ ನಾಲ್ಕು ವರ್ಷಕ್ಕೆ, 1968ರ ಡಿಸೆಂಬರಿನಲ್ಲಿ.

1982ರ ಕೊನೆಗೆ ಬಂದ ಆಟೊಕ್ಯಾಡ್ ಕೂಡ ಬಹುಕಾಲ ಹಲಗೆಯ ಜೊತೆಗೇ ಬಾಳಿತು. ಮೇಜಿನಷ್ಟು ದೊಡ್ಡ ಡಿಜಿಟೈಜರ್. ಅದರ ಮೇಲೆ ಆಜ್ಞೆಗಳನ್ನು ಮುದ್ರಿಸಿದ ಪ್ಲಾಸ್ಟಿಕ್ ಹಾಳೆ. ಕೈಯಲ್ಲಿ ಅಡ್ಡಗೆರೆ ಕೊರೆದ ಗಾಜಿನ ಪಕ್. ಹಳೆಯ ನಕ್ಷೆಯನ್ನು ಹಲಗೆಗೆ ಅಂಟಿಸಿ, ಅಳತೆ ಗೊತ್ತಿರುವ ಕೆಲವು ಬಿಂದುಗಳನ್ನು ಮುಟ್ಟಿ ಇದು ಇಷ್ಟು ಎಂದು ತಿಳಿಸಿದರೆ, ಮುಂದೆ ಎಳೆದ ಪ್ರತಿ ಗೆರೆಯೂ ನೆಲದ ನಿಜ ಅಳತೆಯಲ್ಲಿ ದಾಖಲಾಗುತ್ತಿತ್ತು. ಕಾಗದದ ಮೇಲಿದ್ದ ಎಷ್ಟೋ ನಕ್ಷೆಗಳು ಕಂಪ್ಯೂಟರ್ ಸೇರಿದ್ದು ಹೀಗೆ. ಟ್ಯಾಬ್ಲೆಟ್ ಎಂಬ ಆಜ್ಞೆ ಆಟೊಕ್ಯಾಡ್‌ನಲ್ಲಿ ಆ ದಿನಗಳಿಂದ ಉಳಿದುಬಂದಿದೆ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಕಂಪನಿಯ ಜೊತೆಗೂಡಿ ರೂಪಿಸಿದ ಸಿಂಪ್ಯೂಟರ್ ಅಂಗೈ ಮೇಲಿಟ್ಟುಕೊಳ್ಳುವ ಕಂಪ್ಯೂಟರ್. ಕೀಲಿಮಣೆ ಇಲ್ಲ, ಮೌಸಿಲ್ಲ. ಇದ್ದದ್ದು ಒಂದು ಕಡ್ಡಿ. ಓದು ಬರಹ ಅಷ್ಟಾಗಿ ಬಾರದ ಹಳ್ಳಿಯವರೂ ಬಳಸಬೇಕೆಂಬುದು ಅದರ ಹಿಂದಿನ ಆಸೆ. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ವ್ಯಾಪಾರದಲ್ಲಿ ಅದು ಗೆಲ್ಲಲಿಲ್ಲ. ಆದರೆ ಕಡ್ಡಿ ಹಿಡಿದು ಪರದೆಯ ಮೇಲೆ ಬರೆಯುವುದು ಎಲ್ಲರಿಗೂ ಸಲ್ಲುವ ವಿದ್ಯೆ ಎಂದು ಐಫೋನ್ ಹುಟ್ಟುವ ಮೊದಲೇ ಬೆಂಗಳೂರು ನಂಬಿತ್ತು.

ಹಲಗೆಯ ಒಳಗೆ ಏನಿದೆ?

ಅಂಗಡಿಯಲ್ಲಿ ಇಂದು ಸಿಗುವ ಸಾಮಾನ್ಯ ಪೆನ್ ಟ್ಯಾಬ್ಲೆಟ್‌ಗೆ ಪರದೆ ಇರುವುದಿಲ್ಲ. ಪಟ್ಟಿ ಪುಸ್ತಕದಷ್ಟು ಅಗಲದ ಕಪ್ಪು ಹಲಗೆ, ಯುಎಸ್‌ಬಿ ತಂತಿ, ಒಂದು ಪೆನ್ನು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಗಣಿತ, ವಿಜ್ಞಾನದ ಮೇಷ್ಟ್ರುಗಳು ಕೊಂಡ ಹಲಗೆಯೂ ಇದೇ. ಜಪಾನಿನಲ್ಲಿ 1983ರಲ್ಲಿ ಹುಟ್ಟಿದ ವಾಕಾಮ್ ಇದರಲ್ಲಿ ಹಳೆಯ ಹೆಸರು. ಚೀನಾದ ಹುಯಾನ್, ಎಕ್ಸ್‌ಪಿ-ಪೆನ್ ಕಂಪನಿಗಳು ಬಂದಮೇಲೆ ಬೆಲೆ ಇಳಿದು ವಿದ್ಯಾರ್ಥಿಗಳ ಕೈಗೆಟುಕಿತು.

ಪೆನ್ನಿಗೆ ಬ್ಯಾಟರಿ ಬೇಡ. ಹಲಗೆಯ ಮೇಲ್ಮೈ ಕೆಳಗೆ ತಾಮ್ರದ ಸಣ್ಣ ಸುರುಳಿಗಳ ಜಾಲವಿದೆ. ಅವು ಒಂದಾದಮೇಲೊಂದರಂತೆ ಕ್ಷಣಮಾತ್ರ ಕಾಂತಕ್ಷೇತ್ರ ಹೊಮ್ಮಿಸುತ್ತವೆ. ಪೆನ್ನಿನೊಳಗಿನ ಸುರುಳಿ ಆ ಕ್ಷೇತ್ರದಿಂದಲೇ ಶಕ್ತಿ ಪಡೆದು, ಅದೇ ಆವರ್ತನದಲ್ಲಿ ಅನುರಣಿಸಿ ಸಂಕೇತವನ್ನು ಹಿಂದಕ್ಕೆ ಕೊಡುತ್ತದೆ. ಯಾವ ಸುರುಳಿಗೆ ಎಷ್ಟು ಜೋರಾದ ಉತ್ತರ ಬಂತು ಎಂಬುದರಿಂದ ಪೆನ್ನು ಎಲ್ಲಿದೆ ಎಂದು ಹಲಗೆ ಲೆಕ್ಕ ಹಾಕುತ್ತದೆ. ಸೆಕೆಂಡಿಗೆ ನೂರಾರು ಸಲ ಇದು ನಡೆಯುತ್ತದೆ. ತುದಿಯನ್ನು ಒತ್ತಿದಂತೆಲ್ಲ ಪೆನ್ನಿನ ಅನುರಣನ ಕೊಂಚ ಬದಲಾಗುವುದರಿಂದ ಒತ್ತಡವೂ ಗೊತ್ತಾಗುತ್ತದೆ. ಹಲಗೆ ಮುಟ್ಟದೆ ಒಂದು ಸೆಂಟಿಮೀಟರಿನಷ್ಟು ಮೇಲೆ ಹಿಡಿದರೂ ಪರದೆಯ ಬಾಣ ಕದಲುವುದು ಆ ಕಾಂತಕ್ಷೇತ್ರದ ಕಾರಣಕ್ಕೆ.

ಪೆಟ್ಟಿಗೆಯ ಮೇಲೆ 8192 ಹಂತದ ಒತ್ತಡ ಎಂದು ದೊಡ್ಡದಾಗಿ ಬರೆದಿರುತ್ತದೆ. ಚಿತ್ರಕಲೆಯ ತಂತ್ರಾಂಶದಲ್ಲಿ ಅದಕ್ಕೆ ಬೆಲೆಯಿದೆ. ಗೆರೆ ದಪ್ಪವಾಗಿ, ತೆಳುವಾಗಿ ಹರಿಯುತ್ತದೆ. ಕ್ಯಾಡ್‌ನಲ್ಲಿ ಗೆರೆಯ ದಪ್ಪ ಕೈಯ ಒತ್ತಡದಿಂದ ಬರುವುದಿಲ್ಲ. ಅಲ್ಲಿ ಗೆರೆಯೆಂದರೆ ಎರಡು ಬಿಂದುಗಳ ನಡುವಿನ ಗಣಿತ. ಕ್ಯಾಡ್ ಕೆಲಸಕ್ಕೆಂದೇ ಹಲಗೆ ಕೊಳ್ಳುವವರು ಆ ಅಂಕಿಗೆ ಹೆಚ್ಚು ಹಣ ಕೊಡಬೇಕಿಲ್ಲ.

ಎರಡು ಬಗೆಯ ಸ್ಕೆಚ್

ಗುಂಡ್ಲುಪೇಟೆ ತಾಲ್ಲೂಕಿನ ರೈತರಿಗೆ ಸ್ಕೆಚ್ ಎಂದರೆ 11ಇ. ಜಮೀನಿನ ಒಂದು ಭಾಗ ಮಾರಬೇಕಾದರೆ, ಅಣ್ಣ ತಮ್ಮಂದಿರು ಪಾಲಾಗಬೇಕಾದರೆ ನೋಂದಣಿಗೆ ಮೊದಲು ಈ ನಕ್ಷೆ ಬೇಕು. ಸರ್ವೆಯರ್ ಹೊಲಕ್ಕೆ ಬಂದು ಅಳೆಯುತ್ತಾರೆ. ಹಳೆಯ ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆ. ಉದ್ದಕ್ಕೊಂದು ಅಗಲಕ್ಕೊಂದು ಸರಪಳಿ ಹಿಡಿದರೆ 1089 ಚದರ ಅಡಿ, ಅದೇ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಸರಪಳಿ ಹೋಗಿ ಈಗ ಉಪಗ್ರಹದ ಸಂಕೇತದಿಂದ ಅಳೆಯುವ ರೋವರ್ ಬರುತ್ತಿದೆ. ಆದರೆ ನಕ್ಷೆಯ ತತ್ವ ಬದಲಾಗಿಲ್ಲ. ಅದರಲ್ಲಿ ಗೆರೆ ಅಂದವಾಗಿದೆಯೇ ಎಂದು ಯಾರೂ ಕೇಳುವುದಿಲ್ಲ; ಅಳತೆ ಕೂಡುತ್ತದೆಯೇ ಎಂದು ಕೇಳುತ್ತಾರೆ.

ಕ್ಯಾಡ್‌ನ ಸ್ಕೆಚ್ ಈ 11ಇ ಜಾತಿಯದು, ಚಿತ್ರಗಾರನ ಸ್ಕೆಚ್ಚಿನ ಜಾತಿಯದಲ್ಲ. ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ತಂತ್ರಾಂಶದಲ್ಲಿ ಹೊಸದಾಗಿ ಎಳೆದ ಗೆರೆ ನೀಲಿಯಾಗಿರುತ್ತದೆ. ನೀಲಿ ಅಂದರೆ ಇದರ ಜಾಗ ಇನ್ನೂ ನಿಂತಿಲ್ಲ, ಎಳೆದರೆ ಜರುಗುತ್ತದೆ ಎಂದರ್ಥ. ಈ ಗೆರೆ ಅಡ್ಡ, ಆ ಗೆರೆ ಲಂಬ, ಈ ಕಮಾನು ಆ ಗೆರೆಯನ್ನು ಸ್ಪರ್ಶಿಸುತ್ತದೆ, ಇದರ ಉದ್ದ 120 ಮಿಲಿಮೀಟರ್ ಎಂದು ಒಂದೊಂದೇ ಹೇಳುತ್ತ ಹೋದಂತೆ ಗೆರೆಗಳು ಕಪ್ಪಾಗುತ್ತವೆ. ಎಲ್ಲವೂ ಕಪ್ಪಾದರೆ ಸ್ಕೆಚ್ ಪೂರ್ತಿಯಾಯಿತು. ಸದರ್‌ಲ್ಯಾಂಡ್ 1963ರಲ್ಲಿ ಮಾಡಿದ್ದೂ ಇದನ್ನೇ.

ಪೆನ್ನು ಹಿಡಿದವರು ಮೊದಲ ದಿನವೇ ನಿರಾಶರಾಗುವುದು ಇಲ್ಲಿ. ಕಾಗದದ ಮೇಲೆ ಬರೆದಂತೆ ಸರಾಗವಾಗಿ ಎಳೆದು ಬಿಡೋಣ ಎಂದು ಕೂರುತ್ತಾರೆ. ತಂತ್ರಾಂಶ ಮಾತ್ರ ಮೊದಲ ಬಿಂದು ಎಲ್ಲಿ, ಕೊನೆಯ ಬಿಂದು ಎಲ್ಲಿ ಎಂದಷ್ಟೇ ಕೇಳುತ್ತದೆ. ಆಟೊಕ್ಯಾಡ್‌ನ ಸ್ಕೆಚ್ ಆಜ್ಞೆ ಕೈ ಹರಿದ ದಾರಿಯನ್ನು ಹಾಗೆಯೇ ಹಿಡಿಯುತ್ತದೆ ನಿಜ. ಆದರೆ ಒಂದು ಬಾಗಿನಲ್ಲೇ ನೂರಾರು ತುಂಡುಗೆರೆ ಸೇರಿರುತ್ತವೆ. ಫೈಲ್ ಭಾರವಾಗುತ್ತದೆ, ಒಂದು ತುದಿ ತಿದ್ದಿದರೆ ಉಳಿದದ್ದು ಹೊಂದುವುದಿಲ್ಲ. ಅದನ್ನೇ ಕಂಪ್ಯೂಟರ್ ಆಜ್ಞೆಯಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಕೊಟ್ಟರೆ ಕೈಯ ನಡುಕವೂ ಲೋಹದಲ್ಲಿ ಮೂಡುತ್ತದೆ.

ಹಾಗಾದರೆ ಪೆನ್ನು ಏಕೆ ಬೇಕು? ಕೆನಡಾದ ವಿನೋದ್ ಗೋಯಲ್ 1995ರಲ್ಲಿ ಬರೆದ ಒಂದು ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ವಿನ್ಯಾಸಕಾರರು ಕೈಯಲ್ಲಿ ಸ್ಕೆಚ್ ಮಾಡುವಾಗಲೂ ಕಂಪ್ಯೂಟರಿನ ಡ್ರಾಯಿಂಗ್ ತಂತ್ರಾಂಶ ಬಳಸುವಾಗಲೂ ಹೇಗೆ ಯೋಚಿಸುತ್ತಾರೆ ಎಂದು ಅವರು ಹೋಲಿಸಿದ್ದರು. ಕೈಯಲ್ಲಿ ಬಿಡಿಸುವವರು ಒಂದು ಕಲ್ಪನೆಯಿಂದ ಮತ್ತೊಂದಕ್ಕೆ ಸುಲಭವಾಗಿ ಹೊರಳುತ್ತಿದ್ದರು. ತಂತ್ರಾಂಶ ಬಳಸಿದವರು ಮೊದಲ ಕಲ್ಪನೆಯನ್ನೇ ತಿದ್ದುತ್ತ ಕೂರುವುದು ಹೆಚ್ಚಿತ್ತು. ಕೈಸ್ಕೆಚ್ಚಿನ ಗೆರೆ ಅಸ್ಪಷ್ಟ. ಒಂದೇ ಗೆರೆ ಅಂಚೂ ಆಗಬಹುದು, ನೆರಳೂ ಆಗಬಹುದು. ಆ ಅಸ್ಪಷ್ಟತೆಯೇ ಹೊಸದನ್ನು ತೋರಿಸುತ್ತದೆ. ಕ್ಯಾಡ್‌ನ ಗೆರೆ ಹುಟ್ಟುವಾಗಲೇ ಖಚಿತ. ಅದು ಬೇಗ ಒಪ್ಪಿಸಿಬಿಡುತ್ತದೆ.

ಮುಂಬೈ ಐಐಟಿಯ ಉದಯ್ ಅಥವಣಕರ್ ಇದರ ಇನ್ನೊಂದು ಮಗ್ಗುಲು ನೋಡಿದರು. ವಿನ್ಯಾಸಕಾರನ ಕಣ್ಣಿಗೆ ಪಟ್ಟಿ ಕಟ್ಟಿ, ಪೆನ್ಸಿಲ್ ಕೊಡದೆ ಒಂದು ವಸ್ತು ರೂಪಿಸಲು ಹೇಳಿದರು. ಆತ ಗಾಳಿಯಲ್ಲಿ ಕೈಯಾಡಿಸುತ್ತ ಅದನ್ನು ರೂಪಿಸಿಬಿಟ್ಟ! 1997ರಲ್ಲಿ ಪ್ರಕಟವಾದ ಈ ಅಧ್ಯಯನ ಕಾಗದವೇ ಎಲ್ಲವೂ ಅಲ್ಲ ಎಂದು ತೋರಿಸಿತು. ಆದರೆ ಪಟ್ಟಿ ಕಟ್ಟಿದರೂ ಸುಮ್ಮನಿರದೆ ಆಡಿದ್ದು ಕೈಯೇ.

ಕುಡುಗೋಲಿನ ಹಿಡಿ

ಒಂದು ಉದಾಹರಣೆಯಲ್ಲಿ ಇದನ್ನು ನೋಡಬಹುದು. ಗುಂಡ್ಲುಪೇಟೆಯಲ್ಲಿ ಟೂಲ್ ಅಂಡ್ ಡೈ ಕಲಿಯುವ ವಿದ್ಯಾರ್ಥಿನಿಯೊಬ್ಬಳು ಕುಡುಗೋಲಿಗೆ ಕೈ ನೋಯದಂಥ ಪ್ಲಾಸ್ಟಿಕ್ ಹಿಡಿ ಮಾಡಬೇಕು ಎಂದುಕೊಳ್ಳೋಣ. ಮೌಸ್ ಹಿಡಿದು ನೇರ ಕ್ಯಾಡ್‌ಗೆ ಇಳಿದರೆ ಮೊದಲು ಹುಟ್ಟುವುದು ಒಂದು ಸಿಲಿಂಡರ್. ಏಕೆಂದರೆ ವೃತ್ತ ಎಳೆದು ಉದ್ದಕ್ಕೆ ಜಗ್ಗುವುದು ಅಲ್ಲಿ ಎಲ್ಲಕ್ಕಿಂತ ಸುಲಭ. ಸಿಲಿಂಡರನ್ನು ಎಷ್ಟು ಸವರಿದರೂ ಅದು ಸಿಲಿಂಡರೇ.

ಪೆನ್ ಟ್ಯಾಬ್ಲೆಟ್ ಇದ್ದರೆ ಆಕೆ ಕ್ಯಾಡ್ ತೆರೆಯುವ ಮೊದಲು ಕೃತಾ, ಸ್ಕೆಚ್‌ಬುಕ್‌ನಂಥ ಚಿತ್ರ ತಂತ್ರಾಂಶದಲ್ಲಿ ಪಕ್ಕದಿಂದ ಕಾಣುವ ಹಿಡಿಯ ಆಕಾರವನ್ನು ಹತ್ತು ಬಗೆಯಲ್ಲಿ ಬಿಡಿಸುತ್ತಾಳೆ. ಕಿರುಬೆರಳು ಜಾರದಂತೆ ಹಿಂದೆ ಕೊಕ್ಕೆ, ಹೆಬ್ಬೆರಳಿಗೆ ತಗ್ಗು, ಅಂಗೈಗೆ ಉಬ್ಬು. ತಿಳಿ ಬಣ್ಣದಲ್ಲಿ ಗೆರೆ ಮೇಲೆ ಗೆರೆ. ಅವುಗಳಲ್ಲಿ ಒಂದನ್ನು ಆರಿಸಿ ಚಿತ್ರವಾಗಿ ಉಳಿಸುತ್ತಾಳೆ. ಕ್ಯಾಡ್‌ನಲ್ಲಿ ಅದನ್ನು ಹಿನ್ನೆಲೆಯಾಗಿ ಹರವಿ, ಈ ತುದಿಯಿಂದ ಆ ತುದಿಗೆ 120 ಮಿಲಿಮೀಟರ್ ಎಂದು ತಿಳಿಸಿದರೆ ಚಿತ್ರ ನಿಜ ಅಳತೆಗೆ ಕೂರುತ್ತದೆ. ಫ್ಯೂಷನ್ ಎಂಬ ಕ್ಯಾಡ್ ತಂತ್ರಾಂಶದಲ್ಲಿ ಇದಕ್ಕೆ ಕ್ಯಾನ್ವಾಸ್ ಎನ್ನುತ್ತಾರೆ, ಅಳತೆ ಕೂರಿಸುವುದಕ್ಕೆ ಕ್ಯಾಲಿಬ್ರೇಟ್.

ಮುಂದಿನದು ಮುಖ್ಯ. ಆ ಚಿತ್ರದ ಮೇಲೆ ಸ್ಪ್ಲೈನ್, ಅಂದರೆ ಕೆಲವು ಬಿಂದುಗಳ ಮೂಲಕ ಹಾಯುವ ನುಣುಪಾದ ಬಾಗುಗೆರೆ, ಎಳೆಯುವಾಗ ಬಿಂದುಗಳು ಆದಷ್ಟು ಕಡಿಮೆ ಇರಬೇಕು. ಐದಾರು ಸಾಕು. ಬಾಗು ಎಲ್ಲಿ ದಿಕ್ಕು ಬದಲಿಸುತ್ತದೋ ಅಲ್ಲಲ್ಲಿ ಮಾತ್ರ. ಬಿಂದು ಹೆಚ್ಚಾದಷ್ಟೂ ಮೇಲ್ಮೈ ತರೆತರೆಯಾಗುತ್ತದೆ. ಕೈ ಎಳೆದ ರೇಖೆ ಕಲ್ಪನೆ. ಸ್ಪ್ಲೈನ್ ಅದರ ಸಾರ. ಆಮೇಲೆ ಅಲಗು ಸಿಕ್ಕಿಸುವ ರಂಧ್ರ, ಗೋಡೆಯ ದಪ್ಪ, ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳಲು ಬೇಕಾದ ಓರೆ, ಇವೆಲ್ಲ ಕೀಲಿಮಣೆಯಲ್ಲಿ ಅಂಕಿಯಾಗಿಯೇ ಬರಬೇಕು. ಅಲ್ಲಿ ಪೆನ್ನಿಗೆ ಕೆಲಸವಿಲ್ಲ. ಲೋಹದ ತಗಡು ಕತ್ತರಿಸುವ ಡೈ ಆದರಂತೂ ಪಂಚ್‌ಗೂ ಡೈಗೂ ನಡುವಿನ ಸಂದನ್ನು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಹಿಡಿಯಬೇಕಾಗುತ್ತದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ ರಾಜ್ಯದುದ್ದಕ್ಕೂ ಹರಡಿದ ಜಿಟಿಟಿಸಿಯ ವಿದ್ಯೆಯೇ ಆ ನೂರನೇ ಭಾಗ.

ಮೊದಲ ವಾರ

ಹಲಗೆ ತಂದವರಲ್ಲಿ ಅನೇಕರು ಒಂದೇ ವಾರಕ್ಕೆ ಅದನ್ನು ಕಪಾಟಿಗೆ ಸೇರಿಸುತ್ತಾರೆ. ಕಾರಣ ಕೈಯಲ್ಲ, ಹೊಂದಾಣಿಕೆ.

ಮೌಸ್ ಎತ್ತಿಟ್ಟರೂ ಬಾಣ ಇದ್ದಲ್ಲೇ ಇರುತ್ತದೆ. ಪೆನ್ ಟ್ಯಾಬ್ಲೆಟ್‌ನಲ್ಲಿ ಹಾಗಲ್ಲ. ಹಲಗೆಯ ಎಡ ಮೂಲೆ ಪರದೆಯ ಎಡ ಮೂಲೆಗೆ ಸಮ. ಕಣ್ಣು ಪರದೆಯಲ್ಲಿ, ಕೈ ಮೇಜಿನಲ್ಲಿ. ಇದು ಒಗ್ಗಲು ಕೆಲವು ದಿನ ಬೇಕು, ಒಗ್ಗಿದಮೇಲೆ ಕೈ ತಾನೇ ಜಾಗ ಹುಡುಕುತ್ತದೆ. ಹಲಗೆಯ ಮತ್ತು ಪರದೆಯ ಉದ್ದಗಲದ ಪ್ರಮಾಣ ಬೇರೆಯಿದ್ದರೆ ಎಳೆದ ವೃತ್ತ ಮೊಟ್ಟೆಯಾಗುತ್ತದೆ. ಡ್ರೈವರ್‌ನಲ್ಲಿ ಪ್ರಮಾಣವನ್ನು ಕಟ್ಟಿಹಾಕುವ ಆಯ್ಕೆ ಇದೆ, ಅದನ್ನು ಮೊದಲೇ ಒತ್ತಬೇಕು.

ಕ್ಯಾಡ್‌ನಲ್ಲಿ ಮೌಸಿನ ನಡುಚಕ್ರ ಇಲ್ಲದೆ ಬದುಕಿಲ್ಲ. ಮಾದರಿ ತಿರುಗಿಸುವುದು, ಜರುಗಿಸುವುದು ಅದರಿಂದಲೇ. ಆದ್ದರಿಂದ ಪೆನ್ನಿನ ಪಕ್ಕದ ಎರಡು ಗುಂಡಿಗಳಲ್ಲಿ ಒಂದಕ್ಕೆ ನಡುಗುಂಡಿಯ ಕೆಲಸ, ಇನ್ನೊಂದಕ್ಕೆ ಬಲಗುಂಡಿಯ ಕೆಲಸ ಒಪ್ಪಿಸಬೇಕು. ಪೆನ್ನನ್ನು ಒತ್ತಿ ಹಿಡಿದರೆ ವಿಂಡೋಸ್‌ನಲ್ಲಿ ಒಂದು ಉಂಗುರ ಮೂಡಿ ಬಲ ಕ್ಲಿಕ್ ಆಗಿಬಿಡುತ್ತದೆ. ಗೆರೆ ಎಳೆಯುವಾಗ ಇದು ದೊಡ್ಡ ತೊಡಕು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಆ ಸೌಲಭ್ಯವನ್ನು ನಿಲ್ಲಿಸಬಹುದು. ಪೆನ್ನು ತಾಗಿಸುವಾಗ ಕೂದಲೆಳೆಯಷ್ಟು ಜಾರುವುದು ಸಹಜವಾದ್ದರಿಂದ ಎರಡು ಸಲ ಕ್ಲಿಕ್ ಮಾಡುವ ಅಂತರವನ್ನು ಕೊಂಚ ಹಿಗ್ಗಿಸಿಕೊಳ್ಳಬೇಕು. ಬಾಣವನ್ನು ಹತ್ತಿರದ ಬಿಂದುವಿಗೆ ಎಳೆದು ಕೂರಿಸುವ ಸ್ನ್ಯಾಪ್ ಸದಾ ಹಾಕಿರಬೇಕು.

ಎಡಗೈ ಸುಮ್ಮನಿರಬಾರದು. ಆಜ್ಞೆಗಳನ್ನು ಮೆನುವಿನಲ್ಲಿ ಹುಡುಕುತ್ತ ಪೆನ್ನನ್ನು ಪರದೆಯ ಆಚೆಯಿಂದ ಈಚೆಗೆ ಓಡಿಸಿದರೆ ಭುಜ ಸೋಲುತ್ತದೆ. ಗೆರೆಗೆ ಎಲ್, ವೃತ್ತಕ್ಕೆ ಸಿ ಎಂದು ಎಡಗೈ ಕೀಲಿಮಣೆಯ ಮೇಲಿದ್ದರೆ ಬಲಗೈಗೆ ಎಳೆಯುವುದಷ್ಟೇ ಕೆಲಸ. ಮೌಸನ್ನು ಬಿಸಾಡಬೇಕಾಗಿಲ್ಲ, ಪಕ್ಕದಲ್ಲೇ ಇರಲಿ. ಭಾಗಗಳನ್ನು ಜೋಡಿಸುವಾಗ, ಅಳತೆ ಕೊಡುವಾಗ ಅದೇ ವಾಸಿ. ಮಣಿಕಟ್ಟಿನ ನೋವಿಗೆ ಪೆನ್ನೇ ಔಷಧಿ ಎಂಬ ಜಾಹೀರಾತಿನ ಮಾತಿಗಿಂತ, ಒಂದೇ ಉಪಕರಣಕ್ಕೆ ದಿನವಿಡೀ ಅಂಟಿಕೊಳ್ಳದಿರುವುದು ಒಳ್ಳೆಯದು.

ಇನ್ನೊಂದು ಅನುಕೂಲವನ್ನು ಕನ್ನಡದವರು ಗಮನಿಸಬೇಕು. ಕ್ಯಾಡ್‌ನ ಹಳೆಯ ರೇಖಾ ಫಾಂಟುಗಳು ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದವು; ಕನ್ನಡದ ಗುಣಿತ, ಒತ್ತಕ್ಷರ ಅವುಗಳಲ್ಲಿ ಕೂರುವುದಿಲ್ಲ. ಪೆನ್ನಿದ್ದರೆ ಆ ತಂಟೆಯಿಲ್ಲ. ನಕ್ಷೆಯ ಪಿಡಿಎಫ್ ಮೇಲೆ, ಇಲ್ಲಿ ಅರ್ಧ ಅಡಿ ಜರುಗಿಸಿ, ಬಾಗಿಲು ಪೂರ್ವಕ್ಕೆ ತಿರುಗಿಸಿ ಎಂದು ಕೆಂಪಿನಲ್ಲಿ ಕೈಯಾರೆ ಬರೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಗಾರೆ ಮೇಸ್ತ್ರಿಗೂ ಅರ್ಥವಾಗುತ್ತದೆ, ಮನೆ ಕಟ್ಟಿಸುವವರಿಗೂ ಅರ್ಥವಾಗುತ್ತದೆ.

ಲಂಟಾನದ ಆನೆ

ಸಂಖ್ಯೆಗಿಂತ ಬಾಗು ಮುಖ್ಯವಾದ ಕೆಲಸವೂ ಇದೇ ಜಿಲ್ಲೆಯಲ್ಲಿದೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಲಂಟಾನ ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನು ಮುತ್ತಿಕೊಂಡಿದೆ. ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಕಳೆಯ ಕಡ್ಡಿಗಳಿಂದ ಕುರ್ಚಿ, ಬುಟ್ಟಿ, ಮೇಜು ಮಾಡುತ್ತಾರೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಈ ಕಸುಬಿಗೆ ತರಬೇತಿ ಕೊಟ್ಟು ಬೆಳೆಸಿತು. ಆಳೆತ್ತರ ಮೀರಿದ ಲಂಟಾನ ಆನೆಗಳೂ ಈ ಕೈಗಳಿಂದ ಹುಟ್ಟಿದವು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಅವುಗಳ ಹಿಂಡನ್ನೇ ಜನ ನೋಡಿದರು. ನೀಲಗಿರಿ ಬದಿಯ ಬುಡಕಟ್ಟು ಕಲಾವಿದರು ಮಾಡಿದ ಇಂಥ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿದ್ದವು.

ಆನೆಯ ಬೆನ್ನನ್ನು ಅಂಕಿಯಲ್ಲಿ ಬರೆಯುವುದು ಹೇಗೆ? ಗಂಡಾನೆಯ ನೆತ್ತಿಗೂ ಹೆಣ್ಣಾನೆಯ ನೆತ್ತಿಗೂ ಇರುವ ವ್ಯತ್ಯಾಸ ಕಾಡು ಬಲ್ಲವರ ಕಣ್ಣಿನಲ್ಲಿದೆ. ಅಲ್ಲಿಂದ ಅದು ಗೆರೆಗೆ ಇಳಿಯಬೇಕು. ಕಬ್ಬಿಣದ ಸರಳಿನ ಚೌಕಟ್ಟು ಆ ಗೆರೆಯನ್ನು ಅನುಸರಿಸಬೇಕು, ಅದರ ಮೇಲೆ ಕಡ್ಡಿ ಬಾಗಬೇಕು. ಇಂಥ ಕೆಲಸಕ್ಕೆ ಪೆನ್ನಿನಲ್ಲಿ ಎಳೆದ ಹೊರರೇಖೆಯೇ ಮೂಲ. ಕ್ಯಾಡ್‌ಗೆ ಹೋದರೆ ಸರಳು ಎಷ್ಟು ಬೇಕು, ತೂಕ ಎಷ್ಟಾದೀತು, ಲಾರಿಗೆ ಹತ್ತೀತೇ ಎಂಬ ಲೆಕ್ಕ ಆನೆಯನ್ನು ಕಟ್ಟುವ ಮೊದಲೇ ಸಿಗುತ್ತದೆ.

ಹೊರರೇಖೆಯಿಂದ ನೇರವಾಗಿ ಗಾತ್ರ ಹುಟ್ಟಿಸುವ ಪ್ರಯತ್ನ ಹೊಸದಲ್ಲ. 1999ರಲ್ಲಿ ಟೋಕಿಯೊದ ತಕಿಯೊ ಇಗರಾಶಿ ಮತ್ತು ಸಂಗಡಿಗರು ಟೆಡ್ಡಿ ಎಂಬ ತಂತ್ರಾಂಶ ತೋರಿಸಿದರು. ಪೆನ್ನಿನಲ್ಲಿ ಒಂದು ಮುಚ್ಚಿದ ಆಕಾರ ಎಳೆದರೆ ಅದು ಉಬ್ಬಿ ಮೂರು ಆಯಾಮದ ಬೊಂಬೆಯಾಗುತ್ತಿತ್ತು. ಹಂಗೆರಿಯಲ್ಲಿ ಹುಟ್ಟಿದ ಶೇಪರ್ ತ್ರೀಡಿ ಐಪ್ಯಾಡ್ ಪೆನ್ಸಿಲಿಗೆಂದೇ ಮಾಡಿದ ಕ್ಯಾಡ್. ಅದು 2020ರಲ್ಲಿ ಆಪಲ್‌ನ ವಿನ್ಯಾಸ ಪ್ರಶಸ್ತಿ ಪಡೆಯಿತು. ಅದರ ಒಳಗಿನ ಜ್ಯಾಮಿತಿಯ ಯಂತ್ರ ಪ್ಯಾರಾಸಾಲಿಡ್, ಅಂದರೆ ಸಾಲಿಡ್ ಎಡ್ಜ್ ಮತ್ತು ಸಾಲಿಡ್‌ವರ್ಕ್ಸ್ ಬಳಸುವಂಥದ್ದೇ. ಆಟೊಕ್ಯಾಡ್ 2023ರ ಆವೃತ್ತಿಯಿಂದ ಪ್ರಿಂಟ್ ಮೇಲೆ ಕೈಯಲ್ಲಿ ಬರೆದ ತಿದ್ದುಪಡಿಗಳನ್ನು ಗುರುತಿಸಿ ನಕ್ಷೆಗೆ ತರುವ ಸೌಲಭ್ಯ ಕೊಟ್ಟಿದೆ. ಪೆನ್ನಿನಿಂದ ದೂರ ಸರಿದಿದ್ದ ತಂತ್ರಾಂಶಗಳು ಮತ್ತೆ ಅದರ ಕಡೆ ವಾಲುತ್ತಿವೆ.

ನಾಲ್ಕು ಹಲಗೆ ಸಾಕು

ಚಾಮರಾಜನಗರದಂಥ ಜಿಲ್ಲೆಗೆ ಇದು ದೂರದ ಮಾತಲ್ಲ. ವಿದ್ಯಾರ್ಥಿಗಳಿಗೆ ಈಗಾಗಲೇ ಪರಿಚಯವಿರುವ ಸಾಲಿಡ್ ಎಡ್ಜ್‌ನಲ್ಲೇ ಫ್ರೀಸ್ಕೆಚ್ ಎಂಬ ಆಜ್ಞೆಯೊಂದಿದೆ. ಒರಟಾಗಿ ಎಳೆದ ಗೆರೆಯನ್ನು ಗೆರೆಯಾಗಿ, ಕಮಾನಾಗಿ, ವೃತ್ತವಾಗಿ, ಆಯತವಾಗಿ ಅದು ಗುರುತಿಸಿ ನೇರ್ಪು ಮಾಡುತ್ತದೆ. ಮೌಸ್ ಹಿಡಿದವರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲದ್ದರಿಂದ ಅತ್ತ ಗಮನ ಹೋಗುವುದು ಕಡಿಮೆ. ಪೆನ್ನು ಕೈಗೆ ಬಂದರೆ ಅದೇ ಆಜ್ಞೆ ಗ್ರಾಫ್ ಹಾಳೆಗೂ ಪರದೆಗೂ ನಡುವೆ ಇಲ್ಲದ ದಾರಿಯನ್ನು ತೆರೆಯುತ್ತದೆ. ಫ್ರೀಕ್ಯಾಡ್, ಕೃತಾ, ಇಂಕ್‌ಸ್ಕೇಪ್‌ಗಳಿಗೆ ಕಾಸು ಕೊಡಬೇಕಾಗಿಲ್ಲ. ಮೂರಕ್ಕೂ ಈ ಹಲಗೆಗಳು ಹೊಂದುತ್ತವೆ.

ಒಂದು ಪ್ರಯೋಗಾಲಯದ ಪ್ರತಿ ಕಂಪ್ಯೂಟರಿಗೂ ಹಲಗೆ ಬೇಕಿಲ್ಲ. ನಾಲ್ಕಿದ್ದರೆ ಸರದಿಯ ಮೇಲೆ ಇಡೀ ತರಗತಿ ಬಳಸಬಹುದು. ಮೊದಲ ಸೆಮಿಸ್ಟರಿನ ಸ್ಕೆಚ್ ಪುಸ್ತಕದ ಕೆಲವು ಪುಟಗಳನ್ನಾದರೂ ಹಲಗೆಯ ಮೇಲೆ ಬಿಡಿಸಲು ಬಿಡಬಹುದು. ಆ ಪುಟವೇ ಹಿನ್ನೆಲೆಯಾಗಿ ಕ್ಯಾಡ್‌ಗೆ ಹೋಗಿ, ವಿದ್ಯಾರ್ಥಿಯ ಕೈ ಎಲ್ಲಿ ತಪ್ಪಿತು, ಎಲ್ಲಿ ಸರಿಯಾಯಿತು ಎಂಬುದು ಅವನದೇ ಮಾದರಿಯ ಪಕ್ಕದಲ್ಲಿ ಕಾಣುತ್ತದೆ. ಕೋನ್ ಒಂದನ್ನು ಕತ್ತರಿಸಿ ಹರವಿದಾಗ ಬರುವ ಆಕಾರವನ್ನು ಬಾಯಿಪಾಠ ಮಾಡುವವರು ಅದನ್ನು ತಮ್ಮ ಗೆರೆಯಲ್ಲೇ ನೋಡಬಹುದು. ಐಟಿಐ, ಪಾಲಿಟೆಕ್ನಿಕ್‌ಗಳಿಗೂ ಇದು ಅಷ್ಟೇ ಸಲ್ಲುತ್ತದೆ.

ಮಧ್ಯಮ ದರ್ಜೆಯ ನಾಲ್ಕು ಹಲಗೆಗೆ ತಗಲುವ ಹಣ ಒಂದು ಸಾಧಾರಣ ಕಂಪ್ಯೂಟರಿನ ಬೆಲೆಯೊಳಗೇ ಮುಗಿಯುತ್ತದೆ. ಗುಂಡ್ಲುಪೇಟೆಯಿಂದ ಕೊಳ್ಳೇಗಾಲದವರೆಗೆ ಡ್ರಾಯಿಂಗ್ ಕಲಿಸುವ ಪ್ರತಿ ಸಂಸ್ಥೆಯೂ ಮುಂದಿನ ವರ್ಷದ ಪ್ರಯೋಗಾಲಯದ ಬೇಡಿಕೆ ಪಟ್ಟಿ ಬರೆಯುವಾಗ, ಕಂಪ್ಯೂಟರ್, ಯುಪಿಎಸ್, ಪ್ರಿಂಟರ್ ಕೆಳಗೆ ಇದಕ್ಕೂ ಒಂದು ಸಾಲು ಸೇರಿಸಲಿ. ಜೊತೆಗೆ ಹೊಂದಾಣಿಕೆ ಕಲಿಸಲು ಒಬ್ಬ ಅಧ್ಯಾಪಕರಿಗೆ ಎರಡು ದಿನದ ಬಿಡುವನ್ನೂ ಕೊಡಲಿ.